ಉಗಿಯಂತ್ರದ ಗವರ್ನರಿಗೆ ಎರಡು ಗುಂಡು



ಮಾದರಿ ಉಗಿಯಂತ್ರ ಮಾಡುವ ಹುಚ್ಚು ಹತ್ತಿದವರು ನಮ್ಮಲ್ಲಿ ಬಹಳ ಮಂದಿ ಇಲ್ಲ. ಇರುವ ಕೆಲವರು ಸಿಲಿಂಡರ್ ಕೊರೆದು, ಪಿಸ್ಟನ್ ಕೂರಿಸಿ, ಗಾಲಿ ತಿರುಗುವುದನ್ನು ಕಣ್ತುಂಬ ನೋಡಿದ ಮೇಲೆ ಒಂದು ಚಿಕ್ಕ ತೊಡಕಿಗೆ ಬಂದು ನಿಲ್ಲುತ್ತಾರೆ. ಗವರ್ನರಿಗೆ ಎರಡು ಲೋಹದ ಗುಂಡು ಬೇಕು. ಎರಡೂ ಒಂದೇ ಅಳತೆಯವಾಗಿರಬೇಕು, ತೂತು ಕೊರೆಯಲು ಬಗ್ಗಬೇಕು, ಹೊಳೆಯಲೂ ಬೇಕು. ಅಂಗಡಿಯಲ್ಲಿ ಕೇಳಿದರೆ ಸಿಗುವುದು ತೂತು ಕೊರೆಯಲಾಗದ್ದು. ತೂತು ಇರುವುದು ಸಿಕ್ಕರೆ ಒಳಗೆ ಟೊಳ್ಳು. ಈ ಎರಡು ಗುಂಡುಗಳ ವಿಚಾರವನ್ನೇ ಈ ಹೊತ್ತು ಹೇಳಬೇಕೆಂದಿದ್ದೇನೆ.

ಈ ಗವರ್ನರ್ ರಾಜಭವನದವರಲ್ಲ. ಯಂತ್ರದ ಅಚ್ಚಿನಿಂದ ಬೆಲ್ಟಿನ ಮೂಲಕ ತಿರುಗುವ ನೆಟ್ಟಗಿನ ಒಂದು ಕಡ್ಡಿ, ಅದರ ತಲೆಗೆ ಕೀಲು ಹಾಕಿದ ಎರಡು ತೋಳು, ತೋಳಿನ ತುದಿಗೆ ಒಂದೊಂದು ಗುಂಡು. ಜಾತ್ರೆಯಲ್ಲಿ ಸರಪಳಿಗೆ ಕಟ್ಟಿದ ಕುರ್ಚಿಗಳ ತಿರುಗುಚಕ್ರ ವೇಗ ಹಿಡಿದಂತೆಲ್ಲ ಕೂತವರು ಹೊರಕ್ಕೂ ಮೇಲಕ್ಕೂ ಹಾರುವುದಿಲ್ಲವೇ, ಈ ಗುಂಡುಗಳೂ ಹಾಗೆಯೇ ಏಳುತ್ತವೆ. ಅವು ಏಳುವಾಗ ಕೆಳಗಿನ ಇನ್ನೆರಡು ಕಡ್ಡಿಗಳ ಮೂಲಕ ಸ್ಲೀವ್ ಎಂಬ ಪುಟ್ಟ ಕೊಳವೆಯನ್ನು ಮೇಲಕ್ಕೆಳೆಯುತ್ತವೆ. ಸ್ಲೀವಿಗೆ ಒಂದು ಸನ್ನೆಗೋಲು ಸೇರಿದೆ, ಆ ಸನ್ನೆಗೋಲಿನ ಇನ್ನೊಂದು ತುದಿಯಲ್ಲಿ ಉಗಿಯ ವಾಲ್ವ್. ವೇಗ ಏರಿದರೆ ವಾಲ್ವ್ ಮುಚ್ಚುತ್ತದೆ, ಇಳಿದರೆ ತೆರೆಯುತ್ತದೆ. ಯಾರೂ ಕಾವಲಿಗೆ ಕೂರಬೇಕಾಗಿಲ್ಲ.

ಉಗಿಯಂತ್ರಕ್ಕೆ ಇದನ್ನು ಅಳವಡಿಸಿದ್ದು 1788ರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ. ಹೆಸರು ಜೇಮ್ಸ್ ವ್ಯಾಟನದು. ಆದರೆ ಆತ ಇದನ್ನು ತನ್ನ ಸೃಷ್ಟಿ ಎಂದು ಹೇಳಿಕೊಳ್ಳಲೂ ಇಲ್ಲ, ಇದಕ್ಕೆ ಪೇಟೆಂಟ್ ಪಡೆಯಲೂ ಇಲ್ಲ. ತಿರುಗುವ ಗುಂಡುಗಳ ಉಪಾಯ ಆಗಲೇ ಹಿಟ್ಟಿನ ಗಿರಣಿಗಳಲ್ಲಿ ಬಳಕೆಯಲ್ಲಿತ್ತು. ಬೀಸುಕಲ್ಲುಗಳ ನಡುವಿನ ಅಂತರವನ್ನು ವೇಗಕ್ಕೆ ತಕ್ಕಂತೆ ಹೊಂದಿಸಲು ಗಿರಣಿಯವರು ಅದನ್ನು ಉಪಯೋಗಿಸುತ್ತಿದ್ದರು. ಗಾಳಿಗಿರಣಿಗಾಗಿ ಥಾಮಸ್ ಮೀಡ್ ಎಂಬಾತ 1787ರಲ್ಲೇ ಇಂಥದಕ್ಕೆ ಪೇಟೆಂಟ್ ಪಡೆದಿದ್ದ. ಲಂಡನ್ನಿನ ಆಲ್ಬಿಯನ್ ಗಿರಣಿಯಲ್ಲಿ ಇದನ್ನು ಕಂಡ ಮ್ಯಾಥ್ಯೂ ಬೋಲ್ಟನ್ ತನ್ನ ಪಾಲುದಾರ ವ್ಯಾಟನಿಗೆ ಕಾಗದ ಬರೆದು ತಿಳಿಸಿದ. 1788ರಲ್ಲಿ ಅವರ ಸೋಹೊ ಕಾರ್ಖಾನೆಯ ‘ಲ್ಯಾಪ್ ಎಂಜಿನ್’ಗೆ ಗವರ್ನರ್ ಬಂತು. ಲೋಹದ ಸಾಮಾನುಗಳಿಗೆ ಹೊಳಪು ಕೊಡುವ 43 ಯಂತ್ರಗಳನ್ನು ಈ ಎಂಜಿನ್ ಒಂದೇ ತಿರುಗಿಸುತ್ತಿತ್ತು, ಅದೂ ಸುಮಾರು ಎಪ್ಪತ್ತು ವರ್ಷ. ಈಗ ಅದು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ. ಮಾದರಿ ಮಾಡುವವರಿಗೆ ಅದು ಕಾಶಿ ಎನ್ನಬಹುದು.

ನಮ್ಮ ಕಡೆಯೂ ಉಗಿ ದುಡಿದಿದೆ. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬರುವವರೆಗೆ ಕೋಲಾರದ ಚಿನ್ನದ ಗಣಿಗಳಲ್ಲಿ ಉಗಿಯದೇ ಕಾರುಬಾರು. ಆದರೆ ನಮ್ಮ ಹಿರಿಯರಲ್ಲಿ ಹೆಚ್ಚಿನವರು ಗವರ್ನರನ್ನು ಕಂಡದ್ದು ಉಗಿಯಂತ್ರದಲ್ಲಿ ಇರಲಾರದು, ಗ್ರಾಮಫೋನಿನಲ್ಲಿ. ಕೀಲಿ ಕೊಡುವ ಹಳೆಯ ಗ್ರಾಮಫೋನಿನ ತಟ್ಟೆ ಎತ್ತಿ ಒಳಗೆ ಇಣುಕಿದರೆ, ಚಪ್ಪಟೆ ಸ್ಪ್ರಿಂಗುಗಳ ನಡುವಿಗೆ ಬಿಗಿದ ಮೂರು ಪುಟ್ಟ ಗುಂಡುಗಳು ಒಂದು ಅಚ್ಚಿನ ಸುತ್ತ ರಭಸದಿಂದ ತಿರುಗುತ್ತಿರುತ್ತವೆ. ವೇಗ ಹೆಚ್ಚಿದರೆ ಗುಂಡುಗಳು ಹೊರಕ್ಕೆ ಸರಿದು ಒಂದು ಬಿಲ್ಲೆಯನ್ನು ಎಳೆಯುತ್ತವೆ, ಬಿಲ್ಲೆ ಹೋಗಿ ಮೆತ್ತನೆಯ ಪ್ಯಾಡಿಗೆ ಉಜ್ಜುತ್ತದೆ. ನಿಮಿಷಕ್ಕೆ 78 ಸುತ್ತಿನ ಲೆಕ್ಕ ತಪ್ಪದೆ ಹಾಡು ಕೇಳಿಸಿದ್ದು ಆ ಮೂರು ಗುಂಡುಗಳ ದಯೆಯಿಂದ.

ಈಗ ಲೆಕ್ಕಕ್ಕೆ ಬರೋಣ. ಸ್ವಲ್ಪವೇ ಇದೆ, ಹೆದರಬೇಡಿ. ವ್ಯಾಟನ ಬಗೆಯ ಗವರ್ನರಿನಲ್ಲಿ ತೋಳಿನ ಕೀಲಿನಿಂದ ಗುಂಡುಗಳ ಮಟ್ಟದವರೆಗಿನ ಎತ್ತರ ವೇಗವೊಂದನ್ನೇ ಅವಲಂಬಿಸಿದೆ. ನಿಮಿಷದ ಸುತ್ತುಗಳನ್ನು ವರ್ಗ ಮಾಡಿ, ಅದರಿಂದ 895ನ್ನು ಭಾಗಿಸಿದರೆ ಆ ಎತ್ತರ ಮೀಟರಿನಲ್ಲಿ ಸಿಗುತ್ತದೆ. ನಿಮಿಷಕ್ಕೆ 60 ಸುತ್ತಾದರೆ ಸುಮಾರು 25 ಸೆಂಟಿಮೀಟರ್. 300 ಸುತ್ತಾದರೆ ಬರೀ 10 ಮಿಲಿಮೀಟರ್. ಈ ಲೆಕ್ಕದಲ್ಲಿ ಗುಂಡಿನ ತೂಕ ಎಲ್ಲಿಯೂ ಬಾರದು. ಸೀಸದ ಗುಂಡಾದರೂ ಮರದ ಗುಂಡಾದರೂ ಅದೇ ವೇಗಕ್ಕೆ ಅದೇ ಎತ್ತರದಲ್ಲಿ ನಿಲ್ಲುತ್ತದೆ.

ಹಾಗಾದರೆ ಲೋಹವೇ ಏಕೆ ಬೇಕು? ವಾಲ್ವ್ ಎಳೆಯಲು. ಗುಂಡು ಎಲ್ಲಿ ನಿಲ್ಲಬೇಕೆಂಬುದನ್ನು ವೇಗ ಹೇಳುತ್ತದೆ; ಅಲ್ಲಿಗೆ ಹೋಗುವಾಗ ಅದು ಎಷ್ಟು ಬಲದಿಂದ ಹೋಗುತ್ತದೆಂಬುದನ್ನು ತೂಕ ಹೇಳುತ್ತದೆ. ದೊಡ್ಡ ಯಂತ್ರದ 120 ಮಿ.ಮೀ. ವ್ಯಾಸದ ಎರಕದ ಕಬ್ಬಿಣದ ಗುಂಡು ಆರೂವರೆ ಕಿಲೋ ತೂಗುತ್ತದೆ. ವೇಗ ಶೇಕಡಾ 10 ಏರಿದರೆ ಅಂಥ ಜೋಡಿ ಸ್ಲೀವನ್ನು ಒಂದೂ ಕಾಲು ಕಿಲೋಗಿಂತ ಹೆಚ್ಚಿನ ಭಾರದಷ್ಟು ಬಲದಿಂದ ಎತ್ತುತ್ತದೆ. ಅದನ್ನೇ ಹತ್ತನೇ ಒಂದಕ್ಕೆ ಇಳಿಸಿ 12 ಮಿ.ಮೀ. ಗುಂಡು ಮಾಡಿದರೆ ತೂಕ ಹತ್ತನೇ ಒಂದಾಗುವುದಿಲ್ಲ, ಸಾವಿರದ ಒಂದಾಗುತ್ತದೆ. ಉದ್ದ, ಅಗಲ, ಎತ್ತರ ಮೂರೂ ಕುಗ್ಗಿದವಲ್ಲ! ಆರೂವರೆ ಕಿಲೋ ಇದ್ದದ್ದು ಆರೂವರೆ ಗ್ರಾಮಿಗೆ ಬಂತು, ಎತ್ತುವ ಬಲ ಒಂದೂವರೆ ಗ್ರಾಮಿನೊಳಗೆ ಇಳಿಯಿತು. ಇತ್ತ ವಾಲ್ವಿನ ಕಡ್ಡಿ ಹೊರಬರುವಲ್ಲಿ ಉಗಿ ಸೋರದಂತೆ ತುರುಕಿದ ನೂಲಿನ ಘರ್ಷಣೆ ಇದೆಯಲ್ಲ, ಅದು ಅಷ್ಟು ಸುಲಭವಾಗಿ ಕುಗ್ಗುವ ಜಾತಿಯದಲ್ಲ. ಪಾಪ, ಒಂದೂವರೆ ಗ್ರಾಮ್ ಬಲ ಅದರ ಮುಂದೆ ಏನು ಮಾಡೀತು?

ಆದ್ದರಿಂದಲೇ ಪ್ರದರ್ಶನಗಳಲ್ಲಿ ಕಾಣುವ ಎಷ್ಟೋ ಮಾದರಿಗಳಲ್ಲಿ ಗವರ್ನರ್ ಚೆಂದಕ್ಕೆ ತಿರುಗುತ್ತಿರುತ್ತದೆ, ಕೆಲಸವೆಲ್ಲ ಕೈಯಿಂದ ತಿರುಗಿಸುವ ವಾಲ್ವಿನದು. ಇದನ್ನು ನಾನು ಮೋಸ ಎನ್ನುವುದಿಲ್ಲ. ಆದರೆ ಗುಂಡು ಹುಡುಕಲು ಹೊರಡುವ ಮೊದಲು ಒಂದು ತೀರ್ಮಾನ ಆಗಬೇಕು: ನಿಮ್ಮ ಗವರ್ನರ್ ನೋಡಲಿಕ್ಕೋ, ದುಡಿಯಲಿಕ್ಕೋ? ನೋಡಲಿಕ್ಕಾದರೆ ಹಿತ್ತಾಳೆಗೆ ಸಮನಾದದ್ದಿಲ್ಲ. ಕೊರೆಯಲು ಸುಲಭ, ತಿಕ್ಕಿದರೆ ಚಿನ್ನದ ಬಣ್ಣ. 12 ಮಿ.ಮೀ. ಹಿತ್ತಾಳೆ ಗುಂಡು 7.7 ಗ್ರಾಮ್ ತೂಗುತ್ತದೆ, ಅದೇ ಗಾತ್ರದ ಉಕ್ಕಿನದು 7.1. ಭಾರದಲ್ಲಿಯೂ ಹಿತ್ತಾಳೆಯದೇ ಒಂದು ಕೈ ಮೇಲು. ಹಿತ್ತಾಳೆಯ ಹೊಟ್ಟೆ ಕೊರೆದು ಸೀಸ ತುಂಬುವವರೂ ಇದ್ದಾರೆ. ಅರ್ಧದಷ್ಟು ಜಾಗಕ್ಕೆ ಸೀಸ ಹೋದರೂ ಹೆಚ್ಚುವುದು ಒಂದು ಗ್ರಾಮಿನ ಮೇಲೆ ಚೂರು. ಅಷ್ಟಕ್ಕಾಗಿ ಆ ಪಾಡು ಬೇಡ. ಟಂಗ್‌ಸ್ಟನ್ ಕಾರ್ಬೈಡಿನ ಗುಂಡು ಸುಮಾರು ಎರಡರಷ್ಟು ಭಾರ ನಿಜ, ಆದರೆ ಅದು ನಮ್ಮ ಡ್ರಿಲ್‌ಬಿಟ್ಟುಗಳನ್ನು ಕೊರೆಯುವ ವಸ್ತು. ನಮ್ಮ ಬಿಟ್ಟು ಅದನ್ನು ಕೊರೆಯಲಾರದು.

ದುಡಿಯುವ ಗವರ್ನರೇ ಬೇಕೆಂದರೆ ಪೋರ್ಟರನ ದಾರಿ ಹಿಡಿಯಬೇಕು. ಅಮೆರಿಕದ ಚಾರ್ಲ್ಸ್ ಪೋರ್ಟರ್ 1858ರಲ್ಲಿ ಕಂಡುಕೊಂಡ ಉಪಾಯ ಸರಳವಾಗಿದೆ: ಗುಂಡು ಚಿಕ್ಕದಿರಲಿ, ವೇಗ ಹೆಚ್ಚಿರಲಿ, ನಡುವಿನ ಸ್ಲೀವಿನ ಮೇಲೆ ದೊಡ್ಡ ಭಾರ ಕೂರಿಸಿ. ನಿಮಿಷಕ್ಕೆ 600 ಸುತ್ತು ತಿರುಗಿಸಿದರೆ ವ್ಯಾಟನ ಗವರ್ನರಿನ ಎತ್ತರ ಎರಡೂವರೆ ಮಿಲಿಮೀಟರಿಗೆ ಇಳಿಯುತ್ತದೆ. ತೋಳುಗಳು ಅಡ್ಡಡ್ಡ ಮಲಗಿಬಿಡುತ್ತವೆ, ಯಾತಕ್ಕೂ ಬಾರವು. ಏಳು ಗ್ರಾಮಿನ ಗುಂಡುಗಳ ಜೊತೆಗೆ ಸ್ಲೀವಿನ ಮೇಲೆ 70 ಗ್ರಾಮಿನ ಒಂದು ಹಿತ್ತಾಳೆ ಬಿಲ್ಲೆ ಕೂರಿಸಿ ನೋಡಿ. ಅದೇ ವೇಗಕ್ಕೆ ಎತ್ತರ 27 ಮಿಲಿಮೀಟರ್ ಆಗುತ್ತದೆ, ಶೇಕಡಾ 10ರ ಏರಿಕೆಗೆ ಎತ್ತುವ ಬಲ 16 ಗ್ರಾಮಿನಷ್ಟಾಗುತ್ತದೆ. ಹನ್ನೊಂದು ಪಟ್ಟು! ಮೇಲಿನ ಕೀಲಿನ ತೋಳು, ಕೆಳಗಿನ ಕಡ್ಡಿ ಎರಡೂ ಸಮ ಉದ್ದದವಾಗಿದ್ದರೆ ಈ ಲೆಕ್ಕ. ಅದೇ 1858ರಲ್ಲಿ ದೂರದ ಟರ್ನಾಟೆ ದ್ವೀಪದಿಂದ ನಿಸರ್ಗತಜ್ಞ ಆಲ್ಫ್ರೆಡ್ ವ್ಯಾಲೇಸ್ ಡಾರ್ವಿನ್ನನಿಗೆ ಕಳಿಸಿದ ಪ್ರಬಂಧದಲ್ಲಿ, ಪ್ರಕೃತಿ ಜೀವಿಗಳ ಏರುಪೇರನ್ನು ತಿದ್ದುವ ಬಗೆಯನ್ನು ಉಗಿಯಂತ್ರದ ಗವರ್ನರಿಗೆ ಹೋಲಿಸಿದ್ದ. ಕಾಡಿನಲ್ಲಿ ಚಿಟ್ಟೆ ಹಿಡಿಯುವವನ ತಲೆಯಲ್ಲೂ ಈ ಎರಡು ಗುಂಡುಗಳು ತಿರುಗುತ್ತಿದ್ದ ಕಾಲ ಅದು.

ಇನ್ನು ಪೇಟೆಗೆ ಹೋಗೋಣ. ಮೊದಲು ನೆನಪಾಗುವುದು ಸೈಕಲ್ ಶಾಪು. ಹಿಂದಿನ ಗಾಲಿಯ ಹಬ್ಬಿನಲ್ಲಿ ಕಾಲಿಂಚಿನ ಗುಂಡು, ಮುಂದಿನದರಲ್ಲಿ ಅದಕ್ಕಿಂತ ಚಿಕ್ಕದು. ತೀರ ಪುಟ್ಟ ಮಾದರಿಗೆ ಸರಿ, ಉಳಿದವರಿಗೆ ಸಾಲದು. ಬೇರಿಂಗ್ ಮಾರುವ ಅಂಗಡಿಗಳಲ್ಲಿ 12 ಮಿ.ಮೀ. ಅಥವಾ ಅರ್ಧ ಇಂಚಿನ ಬಿಡಿ ಗುಂಡು ಸಿಗುತ್ತವೆ, ಬೆಂಗಳೂರಿನವರಾದರೆ ಎಸ್.ಜೆ.ಪಿ. ರಸ್ತೆಯ ಕಡೆ ಒಂದು ಸುತ್ತು ಹಾಕಿ. ಹಳೆಯ ಬೇರಿಂಗ್ ಬಿಚ್ಚಿ ತೆಗೆಯುವುದಾದರೆ ಪಂಜರ ಮುರಿದು, ಗುಂಡುಗಳನ್ನೆಲ್ಲ ಒಂದೇ ಮಗ್ಗುಲಿಗೆ ನೂಕಿದರೆ ಒಳಬಳೆ ಪಕ್ಕಕ್ಕೆ ಸರಿದು ತಾನೇ ಬಿಟ್ಟುಕೊಳ್ಳುತ್ತದೆ. ಸುತ್ತಿಗೆಯಿಂದ ನೇರ ಹೊಡೆಯಬೇಡಿ. ಹದ ಏರಿದ ಉಕ್ಕು ಒಡೆದರೆ ಚೂರು ಕಣ್ಣಿಗೇ ಹಾರುತ್ತದೆ. ದಪ್ಪ ಬಟ್ಟೆ ಸುತ್ತಿ, ಕನ್ನಡಕ ಹಾಕಿಕೊಳ್ಳಿ.

ಹಿತ್ತಾಳೆಯದು ಬೇಕೆಂದು ಹೊರಟವರಿಗೆ ಹಳೆಯ ಮಂಚದ ಗುಂಡು, ಪರದೆ ಕೋಲಿನ ತುದಿಗುಂಡು ಕಣ್ಣಿಗೆ ಬೀಳುತ್ತವೆ. ಕೈಗೆತ್ತಿಕೊಂಡರೆ ಗೊತ್ತಾಗುತ್ತದೆ, ಮುಕ್ಕಾಲು ಪಾಲು ತಗಡಿನ ಟೊಳ್ಳು. ನಲ್ಲಿಯ ಬಾಲ್‌ವಾಲ್ವಿನೊಳಗೆ ಗಟ್ಟಿ ಹಿತ್ತಾಳೆಯ ಗುಂಡೇ ಇರಬಹುದು, ಆದರೆ ನೀರು ಹೋಗುವ ದೊಡ್ಡ ಕಂಡಿ ಅದರ ನಡುವೆ ಹಾದುಹೋಗಿರುತ್ತದೆ.

ಬೇರಿಂಗಿನ ಗುಂಡು ಎಷ್ಟು ದುಂಡಗೆಂದರೆ ಲೇತಿನಲ್ಲಿ ನಾವು ಜನ್ಮವಿಡೀ ಕೂತರೂ ಅಷ್ಟು ನಿಖರ ಬಾರದು. ಅದು ಹುಟ್ಟುವ ಬಗೆಯೂ ಸೊಗಸು. ಉಕ್ಕಿನ ತಂತಿಯ ತುಂಡನ್ನು ಎರಡು ಅರೆಗೋಳದ ಅಚ್ಚುಗಳ ನಡುವೆ ಒಂದೇ ಏಟಿಗೆ ಒತ್ತುತ್ತಾರೆ. ಸೊಂಟದ ಸುತ್ತ ಒಂದು ಅಂಚು ಉಳಿಯುತ್ತದೆ. ತೋಡು ಕೊರೆದ ಎರಡು ತಟ್ಟೆಗಳ ನಡುವೆ ಸಾವಿರಾರು ಗುಂಡುಗಳನ್ನು ಒಟ್ಟಿಗೆ ಉರುಳಿಸಿ ಆ ಅಂಚನ್ನು ಸವೆಸಿ, ಹದ ಏರಿಸಿ, ಮತ್ತೆ ಉಜ್ಜಿ, ಕೊನೆಗೆ ಹೊಳಪು ಕೊಡುತ್ತಾರೆ. ಉರುಳುವ ದಿಕ್ಕು ಬದಲಾಗುತ್ತಲೇ ಇರುವುದರಿಂದ ಉಬ್ಬಿದ ಕಡೆಯೇ ಮೊದಲು ಸವೆಯುತ್ತದೆ. ಜರ್ಮನಿಯ ಶ್ವೈನ್‌ಫುರ್ಟಿನ ಫ್ರೀಡ್ರಿಕ್ ಫಿಶರ್ 1883ರಲ್ಲಿ ಗುಂಡು ಉಜ್ಜುವ ಯಂತ್ರ ಮಾಡಿದ ಮೇಲೆ ಗುಂಡುಗಳು ಅಗ್ಗವಾದವು. ಅದಕ್ಕೂ ನೂರು ವರ್ಷ ಹಿಂದೆ, 1782ರಲ್ಲಿ, ಬ್ರಿಸ್ಟಲಿನ ವಿಲಿಯಂ ವ್ಯಾಟ್ಸ್ (ನಮ್ಮ ವ್ಯಾಟನಿಗೂ ಇವನಿಗೂ ನಂಟಿಲ್ಲ) ಕರಗಿದ ಸೀಸವನ್ನು ಜರಡಿಯ ಮೂಲಕ ಎತ್ತರದಿಂದ ನೀರಿಗೆ ಬಿಟ್ಟು ಬಂದೂಕಿನ ಚರೆ ಮಾಡುವುದಕ್ಕೆ ಪೇಟೆಂಟ್ ಪಡೆದಿದ್ದ. ಬೀಳುತ್ತ ಬೀಳುತ್ತ ಹನಿ ತಾನೇ ದುಂಡಗಾಗುತ್ತದೆ. ನಮ್ಮ ಗಾತ್ರಕ್ಕೆ ಆ ದಾರಿ ಆಗದು.

ಬೇರಿಂಗಿನ ಗುಂಡನ್ನು ಕೊರೆಯಬೇಕೆಂದರೆ ಹದ ಇಳಿಸಬೇಕು. ಅದು ಕ್ರೋಮ್ ಬೆರೆತ ಉಕ್ಕು; ಕೆಂಪಗೆ ಕಾಯಿಸಿ ಹೊರಗಿಟ್ಟರೆ ಗಾಳಿಗೇ ಬೇಗ ತಣಿದು ಮತ್ತೆ ಬಿರುಸಾಗುತ್ತದೆ, ಏಕೆಂದರೆ ಅಷ್ಟು ಚಿಕ್ಕ ವಸ್ತುವಿನಲ್ಲಿ ಶಾಖ ನಿಲ್ಲುವುದಿಲ್ಲ. ಉಪಾಯವೆಂದರೆ ದಪ್ಪ ಕಬ್ಬಿಣದ ತುಂಡೊಂದರ ಜೊತೆ ಗುಂಡುಗಳನ್ನು ಕುಲುಮೆಯಲ್ಲಿ ಕಾಯಿಸಿ, ಎಲ್ಲವನ್ನೂ ಒಟ್ಟಿಗೆ ಒಣ ಬೂದಿಯಲ್ಲಿ ಹೂತು ರಾತ್ರಿಯಿಡೀ ಬಿಡುವುದು. ಎಷ್ಟು ಕಾದಿದೆ ಎಂದು ತಿಳಿಯಲು ಅಯಸ್ಕಾಂತ ಸಾಕು. 770 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅಲ್ಲಿಂದ ಇನ್ನು ಸ್ವಲ್ಪ ಕಾಯಿಸಿದರೆ ಸರಿ. ಬೆಳಿಗ್ಗೆ ಗುಂಡು ಕಪ್ಪಗೆ, ಹೊಟ್ಟು ಕಟ್ಟಿಕೊಂಡು ಹೊರಬರುತ್ತದೆ. ಉಪ್ಪುಕಾಗದ ಹಿಡಿದರೆ ಹೊಳಪು ಮರಳುತ್ತದೆ. ಇಷ್ಟೆಲ್ಲ ಬೇಡವೆನ್ನುವವರು 304 ಜಾತಿಯ ಸ್ಟೇನ್‌ಲೆಸ್ ಗುಂಡು ಕೇಳಿ ಪಡೆಯಬಹುದು. ಅದು ಬಿರುಸಲ್ಲ. ಆದರೆ ಬಿಟ್ಟು ಚೂಪಾಗಿರಬೇಕು, ಒತ್ತಡ ಒಂದೇ ಸಮ ಇರಬೇಕು. ಬಿಟ್ಟು ಕತ್ತರಿಸದೆ ಸುಮ್ಮನೆ ಉಜ್ಜಿತೋ, ಆ ಜಾಗ ಅಲ್ಲಿಯೇ ಗಡುಸಾಗಿ ಹಟ ಹಿಡಿಯುತ್ತದೆ.

ಗುಂಡನ್ನು ಹಿಡಿಯುವುದೇ ದೊಡ್ಡ ಕೆಲಸ. ಮೂರು ದವಡೆಯ ಚಕ್ಕಿಗೆ ನೇರವಾಗಿ ಕಚ್ಚಿಸಿದರೆ ಗುಂಡು ಜಾರುತ್ತದೆ, ಮೈಮೇಲೆ ಮೂರು ಗಾಯ. ಹಿತ್ತಾಳೆ ಸರಳಿನ ತುದಿಗೆ ಗುಂಡಿನ ಅಳತೆಗೆ ಸರಿಯಾಗಿ, ಅದರ ಅರ್ಧಕ್ಕಿಂತ ಚೂರು ಹೆಚ್ಚು ಆಳಕ್ಕೆ ಬೋರ್ ಮಾಡಿ, ಗರಗಸದಿಂದ ಅಡ್ಡಡ್ಡ ಸೀಳಿ, ಅದರೊಳಗೆ ಗುಂಡು ಕೂರಿಸಿ ಚಕ್ ಬಿಗಿದರೆ ಸುತ್ತಲಿನಿಂದಲೂ ಸಮವಾಗಿ ಅಪ್ಪಿ ಹಿಡಿಯುತ್ತದೆ. ಬೋರ್ ಮಾಡಿದ ಮೇಲೆ ಆ ಸರಳನ್ನು ಚಕ್ಕಿನಿಂದ ತೆಗೆಯದೆಯೇ ಗುಂಡುಗಳನ್ನು ಕೊರೆದರೆ ತೂತು ನಟ್ಟನಡುವೆ ಬೀಳುತ್ತದೆ. ದುಂಡನೆಯ ಮೈಮೇಲೆ ಬಿಟ್ಟು ಓಡುವುದರಿಂದ ಮೊದಲು ಸೆಂಟರ್ ಡ್ರಿಲ್ ಹಾಕಬೇಕೆಂದು ಟರ್ನರ್ ಕೆಲಸ ಬಲ್ಲವರಿಗೆ ಹೇಳಬೇಕಾಗಿಲ್ಲ.

ನನ್ನ ಒಲವು ಮಾತ್ರ ಗುಂಡನ್ನು ನಾವೇ ಕಡೆಯುವುದರ ಕಡೆಗೆ. ಹಿತ್ತಾಳೆ ಸರಳಿನಿಂದ ಗುಂಡನ್ನೂ ಅದರ ತೊಟ್ಟನ್ನೂ ಒಂದಾಗಿಯೇ ತೆಗೆದರೆ ಹಿಡಿಯುವ, ಕೊರೆಯುವ ರಗಳೆ ಇಲ್ಲ. ತೊಟ್ಟಿಗೇ ತೋಳು ಸೇರಿಸಬಹುದು. ದುಂಡಗೆ ಕಡೆಯುವ ಅಟ್ಯಾಚ್‌ಮೆಂಟ್ ಇದ್ದವರು ಪುಣ್ಯವಂತರು. ಇಲ್ಲದವರಿಗೆ ಮೆಟ್ಟಿಲ ಲೆಕ್ಕ ಇದೆ. 12 ಮಿ.ಮೀ. ಗುಂಡಿಗೆ ತುದಿಯಿಂದ 1 ಮಿ.ಮೀ. ಒಳಗೆ ವ್ಯಾಸ 6.63, 2 ಮಿ.ಮೀ. ಒಳಗೆ 8.94, ಮೂರಕ್ಕೆ 10.39, ನಾಲ್ಕಕ್ಕೆ 11.31, ಐದಕ್ಕೆ 11.83, ಆರಕ್ಕೆ ಪೂರ್ತಿ 12. ಬೇರೆ ಅಳತೆಗೆ ನೀವೇ ಹಾಕಿಕೊಳ್ಳಬಹುದು: ತುದಿಯಿಂದ ಎಷ್ಟು ದೂರವೋ ಅದನ್ನು ಗುಂಡಿನ ವ್ಯಾಸದಿಂದ ಗುಣಿಸಿ, ಆ ದೂರದ ವರ್ಗವನ್ನು ಕಳೆದು, ವರ್ಗಮೂಲ ತೆಗೆದು ಎರಡರಷ್ಟು ಮಾಡಿದರೆ ಅಲ್ಲಿನ ವ್ಯಾಸ. ತೊಟ್ಟಿನ ಕಡೆಗೂ ಇದೇ ಲೆಕ್ಕ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕಡೆದು, ಮೂಲೆಗಳಿಗೆ ಬಣ್ಣ ಬಳಿದು, ಬಣ್ಣದ ಗೆರೆ ಮಾಯವಾಗುವವರೆಗೆ ಅರ ಹಿಡಿಯಬೇಕು. ಅರಕ್ಕೆ ಮರದ ಹಿಡಿಕೆ ಇರಲಿ, ಅಂಗಿಯ ತೋಳಿನ ಗುಂಡಿ ಬಿಗಿದಿರಲಿ.

ಅರದಿಂದ ಎಷ್ಟು ಜಾಣತನದಿಂದ ತೀಡಿದರೂ ಎಲ್ಲೋ ಒಂದು ಚಪ್ಪಟೆ ಉಳಿಯುತ್ತದೆ. ಅಲ್ಲಿಗೆ ಬರುವುದು ಕೊಳವೆ. ಗೋಳವನ್ನು ಎಲ್ಲಿ ಕತ್ತರಿಸಿದರೂ ಸಿಗುವುದು ವೃತ್ತವೇ, ತಾನೇ? ಆದ್ದರಿಂದ ಗುಂಡಿಗಿಂತ ಕಿರಿದಾದ, ಬಾಯಿ ಸಮವಾಗಿ ಕತ್ತರಿಸಿದ ಕೊಳವೆಯನ್ನು ಗುಂಡಿನ ಮೇಲೆ ಎಲ್ಲಿ ಇಟ್ಟರೂ ಅದರ ಬಾಯಿ ಸುತ್ತಲೂ ತಾಗಬೇಕು. ಬೆಳಕಿಗೆ ಹಿಡಿದಾಗ ಎಲ್ಲಾದರೂ ಸಂದು ಕಂಡರೆ ಗುಂಡು ದುಂಡಗಿಲ್ಲ. ಅಳತೆ ನೋಡುವ ಅದೇ ಕೊಳವೆ ತಿದ್ದುವ ಉಪಕರಣವೂ ಹೌದು. 12 ಮಿ.ಮೀ. ಗುಂಡಿಗೆ ಎಂಟು ಮಿಲಿಮೀಟರ್ ಒಳವ್ಯಾಸದ ಹಿತ್ತಾಳೆ ಅಥವಾ ತಾಮ್ರದ ಕೊಳವೆ ತೆಗೆದುಕೊಂಡು, ಬಾಯಿಗೆ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ಲೇತಿನಲ್ಲಿ ತಿರುಗುತ್ತಿರುವ ಗುಂಡಿನ ಮೇಲೆ ಒತ್ತಿ, ಕೈಯಲ್ಲಿ ಕೊಳವೆಯನ್ನು ಹೊರಳಿಸುತ್ತ ಆ ಪಕ್ಕ ಈ ಪಕ್ಕ ಓಡಾಡಿಸಿ. ಉಬ್ಬು ಇದ್ದಲ್ಲೇ ಸವೆಯುತ್ತದೆ. ಹತ್ತು ನಿಮಿಷದಲ್ಲಿ ಮೆಟ್ಟಿಲುಗಳ ನೆನಪೂ ಉಳಿಯದು. ನಮ್ಮ ಕಾರ್ಯಾಗಾರಗಳಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ಬುದ್ಧಿವಂತ ಉಪಕರಣ ನನಗೆ ಗೊತ್ತಿಲ್ಲ.

ಎರಡೂ ಗುಂಡು ಮುಗಿದ ಮೇಲೆ ತೂಗಿ ನೋಡಬೇಕು. ಅಕ್ಕಸಾಲಿಗರ ತಕ್ಕಡಿ ಸಾಕು. ಒಂದು ಗುಲಗಂಜಿ ಸುಮಾರು 0.12 ಗ್ರಾಮ್, ಅಷ್ಟರೊಳಗಿನ ವ್ಯತ್ಯಾಸ ನಮ್ಮ ವೇಗಕ್ಕೆ ನಡೆಯುತ್ತದೆ. ಅದಕ್ಕಿಂತ ಹೆಚ್ಚಾದರೆ ಕಡ್ಡಿ ನಡುಗುತ್ತದೆ. ತೂಕ ಸರಿ ಮಾಡಲು ಗುಂಡಿನ ಮೈ ಮುಟ್ಟಬೇಡಿ, ಭಾರ ಹೆಚ್ಚಿರುವ ಕಡೆಯ ತೊಟ್ಟನ್ನು ಚೂರು ತೆಳುಮಾಡಿ. ತೋಳುಗಳ ಉದ್ದವೂ ಒಂದೇ ಇರಬೇಕೆಂಬುದನ್ನು ಮರೆಯುವವರೇ ಹೆಚ್ಚು.

ಜೋಡಿಸುವಾಗ ಹಿತ್ತಾಳೆಗೆ ಬೆಳ್ಳಿ ಬೆಸುಗೆ ಒಳ್ಳೆಯದು, ಬಿಳಿಗಾರ ಹಚ್ಚಿ ಕಾಯಿಸಿದರೆ ಸಂದಿಗೆ ತಾನೇ ಹರಿದುಕೊಳ್ಳುತ್ತದೆ. ಬರೀ ಸೀಸ ತವರದ ಬೆಸುಗೆಯನ್ನು ನಂಬಿ ಗುಂಡು ಕೂರಿಸಬಾರದು. 600 ಸುತ್ತಿನಲ್ಲಿ ಕಳಚಿದ ಗುಂಡು ಎದುರಿಗೆ ನಿಂತವರನ್ನು ಕೇಳಿ ಹಾರುವುದಿಲ್ಲ. ಇನ್ನು ಕೀಲುಗಳಿಗೆ ತೆಳು ಎಣ್ಣೆ. ವಾಲ್ವಿನ ಕಡ್ಡಿಗೆ ಗ್ರಾಫೈಟ್ ನೂಲು, ಅದನ್ನೂ ಉಗಿ ಸೋರದಷ್ಟೇ ಬಿಗಿ. ಅಲ್ಲಿ ಘರ್ಷಣೆ ಹೆಚ್ಚಾದರೆ ಗುಂಡು ತಡವಾಗಿ ಏಳುತ್ತದೆ, ತಡವಾಗಿ ಇಳಿಯುತ್ತದೆ. ಯಂತ್ರ ಒಮ್ಮೆ ಓಡುತ್ತದೆ, ಒಮ್ಮೆ ಸೋಲುತ್ತದೆ, ಮತ್ತೆ ಓಡುತ್ತದೆ. ಗವರ್ನರುಗಳು ಹೀಗೇಕೆ ಓಲಾಡುತ್ತವೆಂದು ಲೆಕ್ಕ ಹಾಕಿ 1868ರಲ್ಲಿ ಲೇಖನ ಬರೆದವನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್; ಇಂದಿನ ನಿಯಂತ್ರಣ ವಿಜ್ಞಾನ ಆ ಲೇಖನವನ್ನು ತನ್ನ ಮೊದಲ ಪಾಠಗಳಲ್ಲಿ ಒಂದೆಂದು ಎಣಿಸುತ್ತದೆ.

ಮೊದಲ ಓಟಕ್ಕೆ ಉಗಿ ಬೇಡ, ಕಂಪ್ರೆಸರಿನ ಗಾಳಿ ಸಾಕು. ಯಂತ್ರ ವೇಗ ಹಿಡಿದ ಮೇಲೆ ಗಾಲಿಯ ಅಂಚಿಗೆ ಮರದ ತುಂಡೊಂದನ್ನು ಮೆಲ್ಲಗೆ ಒತ್ತಿ ನೋಡಿ: ಗುಂಡುಗಳು ಇಳಿಯಬೇಕು, ಗಾಳಿ ಹೆಚ್ಚು ನುಗ್ಗುವ ಸದ್ದು ಕೇಳಬೇಕು, ಯಂತ್ರ ಚೇತರಿಸಿಕೊಳ್ಳಬೇಕು. ಮೊದಲಿನ ವೇಗಕ್ಕೆ ಪೂರ್ತಿ ಮರಳುವುದಿಲ್ಲ, ಚೂರು ಕಡಿಮೆಯಲ್ಲೇ ನಿಲ್ಲುತ್ತದೆ. ಅದು ನಿಮ್ಮ ಕೆಲಸದ ದೋಷವಲ್ಲ; ವಾಲ್ವ್ ಹೆಚ್ಚು ತೆರೆದಿರಬೇಕಾದರೆ ಗುಂಡು ಕೆಳಗಿರಬೇಕು, ಗುಂಡು ಕೆಳಗಿರಬೇಕಾದರೆ ವೇಗ ಕಡಿಮೆ ಇರಲೇಬೇಕು. ಒಂದು ವಿಷಯದಲ್ಲಿ ಮಾತ್ರ ಈ ಗವರ್ನರನ್ನು ನಂಬಬೇಡಿ. ಅದನ್ನು ತಿರುಗಿಸುವ ಬೆಲ್ಟು ಜಾರಿದರೆ ಗುಂಡುಗಳು ಕೆಳಗೆ ಬೀಳುತ್ತವೆ. ಯಂತ್ರ ನಿಧಾನವಾಯಿತೆಂದು ತಿಳಿದು ವಾಲ್ವ್ ಪೂರ್ತಿ ತೆರೆದುಕೊಳ್ಳುತ್ತದೆ, ಯಂತ್ರ ಹುಚ್ಚೆದ್ದು ಓಡುತ್ತದೆ. ದೊಡ್ಡ ಯಂತ್ರಗಳಲ್ಲಿ ಆಗ ಉಗಿಯನ್ನು ತಾನೇ ಕಡಿಯುವ ಏರ್ಪಾಡು ಇರುತ್ತಿತ್ತು. ನಮ್ಮ ಮಾದರಿಗಳಲ್ಲಿ ಆ ಕೆಲಸ ಕೈಯದು. ಬಾಯ್ಲರಿನ ಕಾಕಿನ ಹತ್ತಿರವೇ ನಿಂತಿರಿ.